ಐರಿಸ್ ಕುಂಡಗಳ ಮೇಲೆ ಬಿದ್ದದ್ದು

ಐರಿಸ್ ಬೀಜ ಬಿತ್ತಿದ ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಕುಂಡದ ಮೇಲೆ ಯಾರೋ ಉಗುಳಿದ್ದರು. ಕಾಫಿ ಬಣ್ಣದ ದಪ್ಪ ಉಗುಳು, ಅಂಚಿನಲ್ಲಿ ಸಣ್ಣ ಗುಳ್ಳೆಗಳು. ಮಣ್ಣು ಕೊಚ್ಚಿಹೋಗದಿರಲೆಂದು ನಾನು ಹರಡಿದ್ದ ನುರಿಗಲ್ಲಿನ ಮೇಲೆ ಅದು ಹಾಗೇ ಕೂತಿತ್ತು. ಒಣಗಿದ ಎಲೆಯೇನೋ ಎಂದುಕೊಂಡು ನಾನು ಬೆರಳು ಹಾಕಿದೆ. ಹಾಕಿದ ಮೇಲೆ ಗೊತ್ತಾಯಿತು. ಆ ದಿನವೆಲ್ಲ ಆ ಬೆರಳನ್ನು ಉಳಿದ ಬೆರಳುಗಳಿಂದ ದೂರ ಇಟ್ಟುಕೊಂಡು ಓಡಾಡಿದೆ. ಫ್ಯಾಕ್ಟರಿಯ ಸ್ಟೋರ್ಸಿನಲ್ಲಿ ಕೂತು ಬಿಡಿಭಾಗಗಳ ಚೀಟಿ ಬರೆಯುವಾಗಲೂ ಅದೊಂದು ಬೆರಳು ನನ್ನದಲ್ಲ ಅನ್ನಿಸುತ್ತಿತ್ತು.

ನನಗೆ ಮೊದಲಿನಿಂದಲೂ ಹೇಸಿಗೆ ಜಾಸ್ತಿ. ಹಾಲಿನ ಕೆನೆ ತುಟಿಗೆ ತಾಗಿದರೆ ಊಟ ಬಿಟ್ಟು ಏಳುತ್ತಿದ್ದವಳು ನಾನು. ಮಣ್ಣು, ಸಗಣಿ, ಎರೆಹುಳು ಯಾವುದೂ ನನ್ನನ್ನು ಬಾಧಿಸುವುದಿಲ್ಲ. ಮನುಷ್ಯರ ಬಾಯಿ, ಮೂಗು, ತಲೆಗಳಿಂದ ಬೀಳುವುದನ್ನು ಮಾತ್ರ ಸಹಿಸಲಾರೆ. ನನ್ನ ಗಂಡನಿಗೆ ಈ ಲೆಕ್ಕ ಇವತ್ತಿಗೂ ಹತ್ತಿಲ್ಲ. "ಸಗಣಿ ಕಲಸ್ತಿ, ನಾ ಕುಡದ ಲೋಟಾ ಮುಟ್ಟೂದಿಲ್ಲ. ಯಾವ ಶಾಸ್ತ್ರದಾಗ ಬರದದ ಇದು?" ಎಂದು ಕೇಳುತ್ತಾರೆ. ಅವರು ಪುಣೆಯ ಹಡಪಸರದ ಒಂದು ಸಾರಿಗೆ ಕಂಪನಿಯಲ್ಲಿ ಲೆಕ್ಕ ನೋಡುತ್ತಾರೆ. ಮದುವೆಯಾದ ವರ್ಷವೇ ನಾವು ವಿಜಯಪುರದ ಕಡೆಯಿಂದ ಇಲ್ಲಿಗೆ ಬಂದವರು. ಆಗಿನಿಂದ ಅದೇ ಹೌಸಿಂಗ್ ಸೊಸೈಟಿ, ಅದೇ ನೆಲಮಹಡಿಯ ಮನೆ.

ಐರಿಸ್ ನನಗೆ ಹತ್ತಿಕೊಂಡದ್ದು ಒಂದು ಹೂವಿನ ಪ್ರದರ್ಶನದಲ್ಲಿ. ಗುಲಾಬಿ, ಸೇವಂತಿಗೆಗಳನ್ನೆಲ್ಲ ದಾಟಿ ಮೂಲೆಗೆ ಹೋದರೆ ಒಬ್ಬ ವಯಸ್ಸಾದವರು ನೀರು ತುಂಬಿದ ಬಕೆಟ್ಟಿನಲ್ಲಿ ಉದ್ದ ದಂಟಿನ ಕೆಲವು ಹೂಗಳನ್ನಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಮೂರು ಎಸಳು ಕೆಳಕ್ಕೆ ಬಾಗಿದ್ದವು, ಮೂರು ಎತ್ತಿ ನಿಂತಿದ್ದವು, ಬಣ್ಣ ಹೊಸ ಇಟ್ಟಿಗೆಯದು. ಇಷ್ಟು ಶುಭ್ರವಾದ ಹೂವನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಪೇಟೆಯಲ್ಲಿ ತಕ್ಕಡಿಗೆ ಬೀಳುವ ಹೂಗಳ ಹಾಗೆ ಯಾರ ಕೈಯೂ ಅದರ ಮೇಲೆ ಆಡಿರಲಿಲ್ಲ.

ಅವರು ನಿವೃತ್ತ ಪಶುವೈದ್ಯರು, ಮರಾಠಿಯವರು. ಸಾಸವಡದ ಹೊರಗೆ ಅವರದೊಂದು ಸಣ್ಣ ಹೊಲ, ಹೊಲದಲ್ಲಿ ಕಲ್ಲು ಕಟ್ಟಿದ ಹೊಂಡ. ಚಿತ್ರಗಳಲ್ಲಿ ನಾವು ನೋಡುವ ಕಾಶ್ಮೀರದ ಐರಿಸ್ ಪುಣೆಯ ಬಿಸಿಲಿಗೆ ಬಾಳುವುದಿಲ್ಲವಂತೆ. ಇದು ಬೇರೆ ಜಾತಿ, ಅಮೆರಿಕದ ಜೌಗು ನೆಲದ್ದು, ಕಾಲು ನೀರಿನಲ್ಲಿದ್ದರೆ ಬಿಸಿಲಿಗೆ ಹೆದರುವುದಿಲ್ಲ, ಚಳಿ ಮುಗಿಯುವ ಹೊತ್ತಿಗೆ ಹೂ ಬಿಡುತ್ತದೆ. ಇದನ್ನೆಲ್ಲ ಹೇಳಿ, ಮರುವಾರ ಹೊಲಕ್ಕೆ ಬನ್ನಿ ಎಂದರು. ನಾನು ಅವರನ್ನು ಕಾಕಾ ಎಂದು ಕರೆಯತೊಡಗಿದೆ.

ಹೂವಿನ ಮದುವೆ ಮಾಡಿಸುವುದನ್ನು ಕಲಿಸಿಕೊಟ್ಟವರೂ ಅವರೇ. ಬಿಳಿ ಹೂವಿನ ಪರಾಗದ ಕಡ್ಡಿಯನ್ನು ಚಿಮಟದಿಂದ ಕಿತ್ತು, ಇಟ್ಟಿಗೆ ಬಣ್ಣದ ಹೂವಿನ ಒಳಗಿರುವ ಪುಟ್ಟ ತುಟಿಯಂಥ ಭಾಗಕ್ಕೆ ಸವರಿ, ದಂಟಿಗೆ ದಾರ ಕಟ್ಟಬೇಕು. ಸವರಿದ್ದು ನನ್ನ ಕೈ, ಆದ್ದರಿಂದ ಆ ಕಾಯಿಗಳು ನನ್ನವು ಎಂದು ಅವರೇ ತೀರ್ಮಾನಿಸಿದರು. ಮಳೆ ಶುರುವಾಗುವ ಹೊತ್ತಿಗೆ ಕಾಯಿ ಬಲಿತು ಹಳದಿಯಾದವು. ಮೊದಲ ಕಾಯಿ ಬಿಡಿಸಿದರೆ ಒಳಗೆ ಬೀಜವೇ ಇರಲಿಲ್ಲ. ಹಿಕ್ಕೆಯ ಪುಡಿಯ ನಡುವೆ ನಸುಗೆಂಪು ಬಣ್ಣದ ಕೊಬ್ಬಿದ ಹುಳುಗಳು ಒಂದರ ಮೇಲೊಂದು ಹೊರಳುತ್ತಿದ್ದವು. ಕಾಕಾ ಅವನ್ನು ಬರಿ ಬೆರಳಿನಿಂದ ತೋಡಿ ಹೊಂಡದ ಮೀನುಗಳಿಗೆ ಹಾಕಿದರು. ನಾನು ದನದ ಕೊಟ್ಟಿಗೆಯ ಹಿಂದೆ ಹೋಗಿ ಬೆಳಗಿನ ತಿಂಡಿಯನ್ನೆಲ್ಲ ಕಾರಿಕೊಂಡೆ. ಅಂದರೆ ನನ್ನ ಹೇಸಿಗೆಗೆ ಮನುಷ್ಯರಷ್ಟೇ ಕಾರಣವಲ್ಲ ಎಂದು ಅವತ್ತು ತಿಳಿಯಿತು. ಉಳಿದ ಕಾಯಿಗಳು ಚೆನ್ನಾಗಿದ್ದವು. ಬಾಟಲಿಯ ಬೆಂಡಿನ ಬಿರಡೆಯನ್ನು ಮುರಿದು ಮಾಡಿದಂಥ ಹಗುರವಾದ ಕಂದು ಬೀಜಗಳು.

ಕೊಡುವಾಗ ಕಾಕಾ ಹೇಳಿದರು: "ಘರಾತ್ ಠೇವೂ ನಕಾ. ವಿಸರೂನ್ ಜಾ, ಪಣ್ ಸುಕೂ ದೇವೂ ನಕಾ." ಮನೆಯೊಳಗೆ ಇಡಬೇಡಿ, ಮರೆತುಬಿಡಿ, ಆದರೆ ಒಣಗಲು ಬಿಡಬೇಡಿ. ಬೀಜಕ್ಕೆ ಇಬ್ಬನಿ ತಾಗಬೇಕು, ರಾತ್ರಿಯ ಚಳಿ, ಹಗಲಿನ ಬಿಸಿಲು ಎರಡೂ ಬೇಕು. ಆ ಏರಿಳಿತವೇ ಅದನ್ನು ಎಬ್ಬಿಸುತ್ತದೆ. ಜೋರು ಮಳೆ ಕಳೆದ ಮೇಲೆ ಕುಂಡದಲ್ಲಿ ಬಿತ್ತಿ ಬಯಲಿನಲ್ಲಿಡಬೇಕು.

ಬಯಲು ನನ್ನ ಬಳಿ ಎಲ್ಲಿತ್ತು? ನಮ್ಮ ಕಟ್ಟಡದ ಹಿಂಭಾಗಕ್ಕೂ ಕಾಂಪೌಂಡ್ ಗೋಡೆಗೂ ನಡುವೆ ಒಂದು ಸಂದಿ ಇದೆ. ಬೆಳಗಿನ ಬಿಸಿಲು ಬೀಳುತ್ತದೆ, ಮಧ್ಯಾಹ್ನ ನೆರಳು. ಕುಂಡಗಳಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಆ ಸಂದಿಯ ಮೇಲೆ ಎಲ್ಲ ಮಹಡಿಗಳ ಅಡಿಗೆಮನೆಯ ಬಾಲ್ಕನಿಗಳು ಸಾಲಾಗಿವೆ. ಮುಂದಿನ ಗೇಟಿನಲ್ಲಿ ರಂಗೋಲಿ ಹಾಕುವ ಜನ ಹಿಂದಿನ ಬಾಲ್ಕನಿಗೆ ಬಂದ ಕೂಡಲೇ ಬೇರೆಯವರಾಗಿಬಿಡುತ್ತಾರೆ. ಅಗಿದು ಬಿಟ್ಟ ನುಗ್ಗೆಕಾಯಿಯ ಸಿಪ್ಪೆ, ಬಾಚಣಿಗೆಯಿಂದ ಬಿಡಿಸಿ ಉಂಡೆ ಮಾಡಿದ ಕೂದಲು, ಕತ್ತರಿಸಿದ ಉಗುರು, ಗಾಯಕ್ಕೆ ಹಚ್ಚಿದ್ದ ಪಟ್ಟಿ, ಒಮ್ಮೊಮ್ಮೆ ಮಕ್ಕಳ ಡೈಪರು. ಎಲ್ಲವೂ ಅಲ್ಲಿಗೆ ಬರುತ್ತಿದ್ದವು. ಕೆಲಸಕ್ಕೆ ಹೋಗುವ ಮುಂಚೆ ನಾನು ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಇವನ್ನು ಆರಿಸುತ್ತಿದ್ದೆ. ಯಾರ ಮನೆಯಲ್ಲಿ ನಿನ್ನೆ ಮೀನು, ಯಾರ ತಲೆ ನೆರೆಯುತ್ತಿದೆ, ಯಾರ ಮಗುವಿಗೆ ಭೇದಿ, ಎಲ್ಲ ನನಗೆ ತಿಳಿಯತೊಡಗಿತು. ಗೇಟಿನಲ್ಲಿ ಸಿಕ್ಕವರು ನಗುತ್ತ "ಕಾಯ್ ವಹಿನೀ, ಮಜೇತ್?" ಎಂದು ಕುಶಲ ಕೇಳಿದರೆ ಅವರ ಉಗುರು ಕಣ್ಣ ಮುಂದೆ ಬರುತ್ತಿತ್ತು.

ಇಷ್ಟೆಲ್ಲದರಲ್ಲಿ ನನ್ನನ್ನು ಸೋಲಿಸಿದ್ದು ಆ ಕಾಫಿ ಬಣ್ಣದ ಉಗುಳು. ಅದು ಮಿಸ್ರಿಯದು ಎಂದು ನನ್ನ ಗಂಡ ಹೇಳಿದರು. ಸುಟ್ಟ ತಂಬಾಕಿನ ಕಪ್ಪು ಪುಡಿ, ಹಲ್ಲಿಗೆ ತಿಕ್ಕುವುದು, ಈ ಕಡೆ ಹೆಂಗಸರಿಗೆ ಬಹಳ ರೂಢಿ. ಬೀಳುತ್ತಿದ್ದದ್ದು ಬೆಳಿಗ್ಗೆ ಮತ್ತು ಸಂಜೆ, ಯಾವಾಗಲೂ ಗೋಡೆಯ ಪಕ್ಕದ ಕುಂಡಗಳ ಸಾಲಿಗೆ. ನಾನು ಸರಿಸಿಟ್ಟರೆ ಉಗುಳೂ ಸರಿಯುತ್ತಿತ್ತು. ಮೇಲೆ ಹಳೆಯ ಸೊಳ್ಳೆಪರದೆ ಕಟ್ಟಿದೆ. ಉಗುಳು ಅದರ ಕಣ್ಣುಗಳಲ್ಲಿ ಸಿಕ್ಕಿ ಎಳೆಯಾಗಿ ಇಳಿದು ತೂಗಾಡಿತು. ಅದನ್ನು ನೋಡುವುದು ಇನ್ನೂ ಕಷ್ಟ, ಪರದೆ ಬಿಚ್ಚಿಬಿಟ್ಟೆ.

ನನ್ನ ದೂರನ್ನು ಕೇಳುತ್ತಿದ್ದವರು ಎರಡನೆಯ ಮಹಡಿಯ ಅಕ್ಕ. ಜಮಖಂಡಿ ಕಡೆಯವರು, ವಿಧವೆ, ಮಗ ಸೊಸೆಯ ಜೊತೆ ಇದ್ದರು. ಇಡೀ ಕಟ್ಟಡದಲ್ಲಿ ನನ್ನ ಜೊತೆ ನಮ್ಮ ವಿಜಯಪುರ ಕಡೆಯ ಕನ್ನಡ ಆಡುತ್ತಿದ್ದವರು ಅವರೊಬ್ಬರೇ, ಅದಕ್ಕೇ ಅವರ ಮೇಲೆ ನನಗೆ ಜೀವ. ನನಗೆ ಟೈಫಾಯಿಡ್ ಆಗಿದ್ದಾಗ ಮೂರು ಹೊತ್ತೂ ಗಂಜಿ ತಂದುಕೊಟ್ಟವರು. ನಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಹಳೆಯ ಕಾಲದ ನಾಚಿಕೆ ಎಂದು ನನಗೆ ಅದೂ ಇಷ್ಟವಾಗುತ್ತಿತ್ತು.

ಅವರು ಹೇಳುತ್ತಿದ್ದರು: "ಏನ್ ಹೊಲಸ ಮಂದಿ ಇದ್ದಾರವಾ ತಂಗಿ ಈ ಊರಾಗ. ನಮ್ಮ ಕಡೆ ಹಿಂಗಿಲ್ಲ ನೋಡು. ಮ್ಯಾಲಿನ ಹುಡುಗರನ್ನ ಒಂದೀಟ ಕೇಳು. ಹೆಣ್ಣ ದಿಕ್ಕಿಲ್ಲದ ಮನಿ, ಏನ್ ತಿಂತಾರೋ ಏನ್ ಬಿಡ್ತಾರೋ."

ಮೂರನೆಯ ಮಹಡಿಯಲ್ಲಿ ಐಟಿ ಕಂಪನಿಯ ಇಬ್ಬರು ಬಾಡಿಗೆಗಿದ್ದರು, ಮೈಸೂರು ಕಡೆಯವರು. ನಾನು ಹೋಗಿ ಬಾಗಿಲು ತಟ್ಟಿದೆ. ಒಬ್ಬ ಕಿವಿಯ ಹೆಡ್‌ಫೋನ್ ಕೆಳಗಿಳಿಸಿ ಎಲ್ಲ ಕೇಳಿಸಿಕೊಂಡ. "ಆಂಟಿ, ತಂಬಾಕು ಯಾರೂ ಹಾಕಲ್ಲ ಇಲ್ಲಿ. ಬೇಕಾದ್ರೆ ಬಾಲ್ಕನಿ ಚೆಕ್ ಮಾಡಿ" ಎಂದ. ಬಾಲ್ಕನಿಯಲ್ಲಿ ಒಣಗಲು ಹಾಕಿದ್ದ ಬನಿಯನ್ನುಗಳಲ್ಲದೆ ಏನೂ ಇರಲಿಲ್ಲ. ಹೊರಡುವಾಗ ಅವನು, "ನಮ್ ಬಾಲ್ಕನಿ ಗ್ರಿಲ್ ಮೇಲೆ ಪಾರಿವಾಳದ ಗಲೀಜಿದೆಯಲ್ಲ, ಅದೇನಾದ್ರೂ ಬೀಳ್ತಿರಬಹುದಾ ಆಂಟಿ?" ಎಂದು ಚಿಂತೆಯಿಂದ ಕೇಳಿದ. ಅಲ್ಲಿಂದ ಇಳಿದು ಬರುವಾಗ ನನಗೇ ನಾನು ಕಿರಿಕಿರಿಯ ಹೆಂಗಸಿನಂತೆ ಕಂಡೆ.

ಡಿಸೆಂಬರ್ ಕಳೆಯಿತು. ಪುಣೆಯ ಚಳಿ ಆ ವರ್ಷ ಚೆನ್ನಾಗಿತ್ತು, ಬೆಳಿಗ್ಗೆ ಕುಂಡಗಳ ಅಂಚು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಒಣಗದಿರಲೆಂದು ಕುಂಡಗಳನ್ನು ಅಗಲವಾದ ಪ್ಲಾಸ್ಟಿಕ್ ಟಬ್ಬುಗಳಲ್ಲಿ ಸ್ವಲ್ಪ ನೀರು ನಿಲ್ಲಿಸಿ ಅದರೊಳಗೆ ಇಟ್ಟಿದ್ದೆ. ಸಂಕ್ರಾಂತಿ ಹತ್ತಿರ ಬಂದಾಗ ಒಂದು ಬೆಳಿಗ್ಗೆ ನುರಿಗಲ್ಲಿನ ಸಂದಿನಲ್ಲಿ ಸೂಜಿಯಂಥ ಹಸಿರು ಕಂಡಿತು. ಹುಲ್ಲೇ ಇರಬೇಕು ಎಂದುಕೊಂಡೆ. ಹುಲ್ಲಿನ ಎಲೆ ದುಂಡಗೆ ಸುರುಳಿಯಾಗಿ ಬರುತ್ತದೆ, ಇದು ಮಡಿಚಿದ ಕಾಗದದ ಹಾಗೆ ಚಪ್ಪಟೆಯಾಗಿತ್ತು. ಪಕ್ಕದಲ್ಲೇ ಇನ್ನೊಂದು, ಅದರಾಚೆ ಮತ್ತೊಂದು. ಕುಕ್ಕುರುಗಾಲಿನಲ್ಲಿ ಕೂತು ಮುಖವನ್ನು ಕುಂಡದ ತನಕ ಬಗ್ಗಿಸಿದೆ. ಇಷ್ಟು ದಿನದ ಕೊಳಕಿನ ಅಡಿಯಿಂದ ಇದು ಹೇಗೆ ಇಷ್ಟು ಸ್ವಚ್ಛವಾಗಿ ಬಂತು ಎಂದು ನೋಡುತ್ತಿದ್ದೆ.

ಆಗ ಕುತ್ತಿಗೆಯ ಹಿಂದೆ ಏನೋ ಬಿತ್ತು. ಬೆಚ್ಚಗಿತ್ತು.

ಬೆಚ್ಚಗಿದ್ದದ್ದನ್ನು ನಾನು ಇವತ್ತಿಗೂ ಮರೆಯಲಾರೆ. ಆ ಚಳಿಯಲ್ಲಿ ಇನ್ನೊಬ್ಬರ ಬಾಯಿಯ ಬಿಸಿ ನನ್ನ ಕುತ್ತಿಗೆಯಿಂದ ಬೆನ್ನಿಗೆ ಇಳಿಯಿತು. ತಲೆಯೆತ್ತಿದೆ. ಎರಡನೆಯ ಮಹಡಿಯ ಗ್ರಿಲ್ಲಿನಿಂದ ಒಂಟಿ ಚಿನ್ನದ ಬಳೆಯ ಕೈ ಹೊರಗಿತ್ತು, ಕೈಯಲ್ಲಿ ಪುಟ್ಟ ದುಂಡನೆಯ ಡಬ್ಬಿ. ಬಳೆಯ ಮೇಲೆ ಅಕ್ಕನ ಮುಖ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅವರ ಕೆಳದುಟಿಯ ಒಳಗೆಲ್ಲ ಕಪ್ಪಾಗಿತ್ತು. ಮುಖ ಒಳಗೆ ಹೋಯಿತು.

ನಾನು ಸ್ನಾನ ಮಾಡಿದೆ. ಮತ್ತೆ ಮಾಡಿದೆ. ಆ ಸೀರೆಯನ್ನು ಒಗೆಯಲಿಲ್ಲ, ಕಸದ ಗಾಡಿಗೆ ಹಾಕಿದೆ.

ಭೋಗಿಯ ದಿನ ಅಕ್ಕ ತಾವೇ ಕೆಳಗೆ ಬಂದರು. ಕೈಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮೇಲೆ ಬೆಣ್ಣೆ. ಬಾಗಿಲಲ್ಲೇ ನಿಂತು, "ನೋಡ್ಲಿಲ್ಲವಾ ತಂಗಿ. ನೀ ಅಲ್ಲೇ ಕುಂತೀದಿ ಅಂತ ನನಗೇನ ಗೊತ್ತು?" ಎಂದರು.

"ನಾ ಇರದಿದ್ರ ಉಗುಳಬಹುದೇನ್ರಿ ಅಕ್ಕಾರ?"

ಅವರು ಬೆಣ್ಣೆ ಜಾರದಂತೆ ರೊಟ್ಟಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು.

"ಇಷ್ಟ ದಿನಾ ನಿಮ್ಮ ಮುಂದನ ಕುಂತು ಹೇಳಿಕೊಂಡೆ. ನೀವು ಹುಡುಗರ ಮ್ಯಾಲೆ ಹಾಕಿದ್ರಿ. ನಾ ಹೋಗಿ ಅವರ ಬಾಗಲಾ ಬಡದು ಬಂದೆ."

"ನಾಚಿಕಿ ಬಂತವಾ" ಎಂದು ಅವರು ದನಿ ತಗ್ಗಿಸಿದರು. "ಬಿಡತೀನಿ ಅಂತ ಮಗಾ ಆಣಿ ಮಾಡಿಸಿಕೊಂಡಾನ. ಬೇಸಿನ್ಯಾಗ ಉಗುಳಿದ್ರ ಕಲಿ ಉಳೀತದ, ಸೊಸಿ ನೋಡತಾಳ. ಅದಕ್ಕ ಹಿಂದಕ ಬಂದು ಮಣ್ಣಾಗ ಉಗುಳತಿದ್ದೆ, ಕಲಿ ಕಾಣೂದಿಲ್ಲ ಅಂತ. ನೀ ಅವಗ ಹೇಳಬ್ಯಾಡ. ಗಿಡಕ್ಕ ಏನೂ ಆಗೂದಿಲ್ಲ ಬಿಡು, ತಂಬಾಕಿನ ನೀರು ಹುಳಕ್ಕ ಔಷಧ."

ಆ ಕೊನೆಯ ಮಾತು ಬರದಿದ್ದರೆ ನಾನು ಬಹುಶಃ ಕರಗುತ್ತಿದ್ದೆ. ರೊಟ್ಟಿ ಕೊಡುವಾಗ ಅವರ ಬಲಗೈಯ ತೋರುಬೆರಳು ಕಂಡಿತು. ಉಗುರಿನ ಸುತ್ತ ಕಪ್ಪು ಗೆರೆ. ಮಿಸ್ರಿ ತಿಕ್ಕುವ ಬೆರಳು ಅದೇ, ಹಿಟ್ಟು ತಟ್ಟಿದ್ದೂ ಅದೇ. ಟೈಫಾಯಿಡ್ ಬಂದಾಗ ನಾನು ಕುಡಿದ ಗಂಜಿಯೆಲ್ಲ ನೆನಪಾಗಿ ಗಂಟಲಿಗೆ ಬಂತು. ಹೇಳುವುದಿಲ್ಲ ಎಂದೆ, ರೊಟ್ಟಿ ತಗೊಂಡೆ, ಬಾಗಿಲು ಹಾಕಿದೆ. ನನ್ನ ಗಂಡ ಅಷ್ಟನ್ನೂ ತಿಂದು, "ಭಾಳ ಛಲೋ ಆಗ್ಯಾವ" ಎಂದರು.

ಅಂದಿನಿಂದ ಕುಂಡಗಳ ಮೇಲೆ ಉಗುಳು ಬೀಳಲಿಲ್ಲ. ಅವರು ಬಾಲ್ಕನಿಯ ಇನ್ನೊಂದು ತುದಿಗೆ ಹೋಗಿ ಉಗುಳತೊಡಗಿದರು. ಗೋಡೆಯ ಮೇಲೆ ಕಂದು ಗೆರೆಯೊಂದು ಇಳಿಯಿತು. ನಾನು ಹೇಳಿಬಿಟ್ಟೇನು ಎಂಬ ಅಂಜಿಕೆ ಅವರಿಗೆ ಹೋಗಿರಲಿಲ್ಲ ಎಂದು ಕಾಣುತ್ತದೆ. ಎದುರಾದರೆ ಅತಿಯಾಗಿ ನಗುತ್ತಿದ್ದರು. ನನ್ನ ಸಸಿಗಳು ಬೇಸಿಗೆ ದಾಟಿ ಗೇಣುದ್ದ ಬೆಳೆದವು. ಆ ಖುಷಿಯಲ್ಲಿ ನಾನು ಉಳಿದದ್ದನ್ನು ಲಕ್ಷ್ಯಕ್ಕೆ ಹಾಕಿಕೊಳ್ಳಲಿಲ್ಲ.

ಮಳೆ ಹಿಡಿದ ಮೇಲೆ ಒಂದು ಭಾನುವಾರ ಪಾರ್ಕಿಂಗಿನಲ್ಲಿ ಸೊಸೈಟಿಯ ಸಭೆ ಕರೆದರು. ಡೆಂಗಿಯ ವಿಷಯ. ಎಲ್ಲರೂ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತ ಮೇಲೆ ಚೇರ್ಮನ್ ಎದ್ದು ನಿಂತು ನನ್ನ ಕಡೆ ತಿರುಗಿ ಬಹಳ ಗಂಭೀರವಾಗಿ, "ವಹಿನೀ, ತುಮ್‌ಚ್ಯಾ ಕುಂಡ್ಯಾ ಮಾಗಚ್ಯಾ ಬಾಜೂಲಾ ಆಹೇತ್ ನಾ?" ಎಂದು ಕೇಳಿದರು. ಹೂವಿನ ಕುಂಡಕ್ಕೆ ಮರಾಠಿಯಲ್ಲಿ ಕುಂಡಿ ಎನ್ನುತ್ತಾರೆ. ನಿಮ್ಮ ಕುಂಡಗಳು ಹಿಂಭಾಗದಲ್ಲಿವೆ ತಾನೇ ಎಂದು ಅವರು ಕೇಳಿದ್ದು. ಕನ್ನಡದ ಕಿವಿಗೆ ಅದು ಹೇಗೆ ಬಿತ್ತೆಂದು ಹೇಳಬೇಕಾಗಿಲ್ಲ. ನನ್ನ ಗಂಡ ಕೆಮ್ಮಿದರು. ಎದುರು ಸಾಲಿನಲ್ಲಿ ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡು ಭುಜ ಕುಣಿಸುತ್ತಿದ್ದರು. ಅವರ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು, ನನಗೂ ನಗು ಉಕ್ಕಿತು. ಒಂದು ಗಳಿಗೆ ನಾವಿಬ್ಬರೂ ಮೊದಲಿನ ಹಾಗಿದ್ದೆವು.

ಆಮೇಲೆ ಚೇರ್ಮನ್ ತಮ್ಮ ಮೊಬೈಲು ಎತ್ತಿ ಹಿಡಿದರು. ಒಂದು ವಿಡಿಯೋ. ನನ್ನ ಟಬ್ಬಿನ ನೀರು, ಅದರಲ್ಲಿ ಕೊಕ್ಕೆಯಂಥ ಸಣ್ಣ ಹುಳುಗಳು ಮೇಲೆ ಕೆಳಗೆ ಕುಣಿಯುತ್ತಿದ್ದವು. ಸೊಳ್ಳೆಮರಿಗಳು. ನೀರು ಬದಲಿಸುವುದು ಮಳೆಯಲ್ಲಿ ತಪ್ಪಿಹೋಗಿತ್ತು. ಎರಡನೆಯ ಮಹಡಿಯವರು ತೋರಿಸಿದ್ದರಿಂದ ಗೊತ್ತಾಯಿತು ಎಂದು ಅವರು ಅಕ್ಕನ ಕಡೆ ಗೌರವದಿಂದ ಕೈ ತೋರಿಸಿದರು. ಮೊಬೈಲು ಕೈಯಿಂದ ಕೈಗೆ ಹೋಯಿತು. ನೋಡಿದವರೆಲ್ಲ ತುಟಿ ಹಿಂಡಿದರು, ಒಬ್ಬಾಕೆ ಮಗುವನ್ನು ನನ್ನ ಪಕ್ಕದಿಂದ ಎಳೆದುಕೊಂಡಳು. ಆ ಮುಖ ನನಗೆ ಪರಿಚಯದ್ದು. ಪ್ರತಿ ಬೆಳಿಗ್ಗೆ ಅವರ ಉಗುರು ಕೂದಲು ಆರಿಸುವಾಗ ನನ್ನ ಮುಖ ಹಾಗೆಯೇ ಆಗುತ್ತಿತ್ತು. ಈಗ ನಾನೇ ಅವರೆಲ್ಲರಿಗೆ ಹೊಲಸು.

ಅಕ್ಕನ ಮಗ ತಾಯಿಯ ಕುರ್ಚಿಯ ಹಿಂದೆ ನಿಂತಿದ್ದ. ಹೇಳಿಬಿಡಬಹುದಿತ್ತು. ಬಾಯಿ ತೆರೆದೆ ಕೂಡ. ನನ್ನನ್ನು ತಡೆದದ್ದು ಒಳ್ಳೆಯತನವಲ್ಲ. ಅಷ್ಟು ಜನರ ಎದುರು ಆ ಉಗುಳಿನ ಮಾತನ್ನು ನನ್ನ ಬಾಯಲ್ಲಿ ತೆಗೆದುಕೊಳ್ಳುವುದೇ ನನಗೆ ಹೇಸಿಗೆಯಾಯಿತು. ತೆಗೆಯುತ್ತೇನೆ ಎಂದಷ್ಟೇ ಹೇಳಿದೆ.

ಒಂದು ಸಣ್ಣ ಟೆಂಪೋ ಹೇಳಿ ಕುಂಡಗಳನ್ನೆಲ್ಲ ಸಾಸವಡಕ್ಕೆ ಸಾಗಿಸಿದೆವು. ಪಂಢರಪುರಕ್ಕೆ ಹೊರಟ ವಾರಕರಿಗಳ ಪಾಲಖಿ ಮುಂದೆ ಹೋಗುವವರೆಗೆ ದಿವೆ ಘಾಟಿನಲ್ಲಿ ಗಾಡಿ ಬಿಡುತ್ತಿರಲಿಲ್ಲ, ಆದ್ದರಿಂದ ಎರಡು ದಿನ ತಡೆದು ಹೊರಟೆವು. ದಾರಿಯುದ್ದಕ್ಕೂ ಜನ ಬಿಟ್ಟುಹೋದ ಕಾಗದದ ತಟ್ಟೆಗಳು, ಬಾಳೆಹಣ್ಣಿನ ಸಿಪ್ಪೆ, ಅದರ ಮೇಲೆ ಮಳೆ. ನನ್ನ ಗಂಡ ಹಿಂದೆ ಕುಂಡಗಳ ನಡುವೆ ಕೂತು ಅವು ಉರುಳದಂತೆ ಕಾಲಿನಿಂದ ಒತ್ತಿ ಹಿಡಿದಿದ್ದರು. ಒಮ್ಮೆಯೂ ಗೊಣಗಲಿಲ್ಲ. ಕಾಕಾ ಕಥೆಯೆಲ್ಲ ಕೇಳಿ, ಟಬ್ಬಿಗೆ ಹೊಂಡದ ಸಣ್ಣ ಗಪ್ಪಿ ಮೀನು ಬಿಟ್ಟಿದ್ದರೆ ಮರಿಗಳನ್ನೆಲ್ಲ ತಿಂದುಬಿಡುತ್ತಿದ್ದವಲ್ಲ, ನನ್ನನ್ನು ಕೇಳಬಾರದಿತ್ತೇ ಎಂದರು. ಇಷ್ಟು ಸುಲಭದ ಉಪಾಯ ಇತ್ತೆಂದು ತಿಳಿದು ನನ್ನ ಮೈ ಉರಿಯಿತು.

ಆ ಮೇಲೆ ಅಕ್ಕನ ಜೊತೆ ನಾನು ಮಾತು ಬಿಟ್ಟೆ. ಜಗಳವಾಡಿ ಬಿಟ್ಟದ್ದಲ್ಲ, ಎದುರಾದರೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದೆ. ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ, ಮಗ ಸೊಸೆ ಬಾರಾಮತಿಯ ಬೀಗರ ಮನೆಗೆ ಹೋಗಿದ್ದಾಗ, ಅವರು ನನ್ನ ಬಾಗಿಲಿಗೆ ಬಂದರು. ಕೈಯಲ್ಲಿ ಈ ಸಲ ಏನೂ ಇರಲಿಲ್ಲ.

"ಬಾಯಾಗ ಏನೋ ಆಗ್ಯದ ತಂಗಿ. ಖಾರ ಮುಟ್ಟಿಸಗೊಡೂದಿಲ್ಲ. ದವಾಖಾನಿಗೆ ಹೋಗಬೇಕು. ಮಗಗ ಹೇಳೂ ಹಂಗಿಲ್ಲ. ನನಗ ಮರಾಠಿ ಅಷ್ಟು ಬರೂದಿಲ್ಲ, ನಿನಗ ಗೊತ್ತದ."

ಬೇರೆ ಯಾರಿಗೂ ಮಿಸ್ರಿಯ ವಿಷಯ ಗೊತ್ತಿರಲಿಲ್ಲ. ಅದಕ್ಕೇ ನನ್ನ ಬಳಿ ಬಂದಿದ್ದರು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಕರುಣೆ ಬಂತೇ ಎಂದು ಕೇಳಿದರೆ ಸರಿಯಾಗಿ ಹೇಳಲಾರೆ. ಆಟೋದಲ್ಲಿ ಅವರ ಉಸಿರಿನ ತಂಬಾಕು ವಾಸನೆಗೆ ನಾನು ಪೂರ್ತಿ ಹೊರಗೆ ವಾಲಿಕೊಂಡು ಕೂತಿದ್ದೆ.

ಹಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ದೀಪ ಹಾಕಿ ಬಾಯಿ ತೆರೆಸಿದರು, ನನ್ನನ್ನೂ ಹತ್ತಿರ ಕರೆದು ನೋಡಿ ಎಂದರು. ಒಸಡೆಲ್ಲ ಹೊಗೆ ಹಿಡಿದ ಗೋಡೆಯಂತೆ ಕಪ್ಪು, ಕೆನ್ನೆಯ ಒಳಗೆ ಬಿಳಿಯ ಚಕ್ಕೆ, ಹಾಲಿನ ಕೆನೆ ಅಂಟಿದ ಹಾಗೆ. ನೋಡಲಾಗದೆ ನಾನು ಗೋಡೆ ನೋಡಿದೆ. ಅಕ್ಕ ನನ್ನ ಕೈ ಹಿಡಿದುಕೊಂಡರು. ಆ ಕಪ್ಪು ಗೆರೆಯ ಬೆರಳಿರುವ ಕೈ. ಬಿಡಿಸಿಕೊಳ್ಳಲಿಲ್ಲ, ಆದರೆ ನನ್ನ ಕೈ ಗಟ್ಟಿಯಾಗಿ, ಕಟ್ಟಿಗೆಯ ಹಾಗೆ ಇತ್ತು ಎಂದು ನೆನಪಿದೆ. ಡಾಕ್ಟರು ಮರಾಠಿಯಲ್ಲಿ ಹೇಳಿದ್ದನ್ನು ನಾನು ಹೇಳಿದೆ: ಒಂದು ತುಣುಕು ತೆಗೆದು ಪರೀಕ್ಷೆಗೆ ಕಳಿಸಬೇಕು, ಇವತ್ತಿನಿಂದಲೇ ಮಿಸ್ರಿ ನಿಲ್ಲಿಸಬೇಕು, ಮನೆಯವರಿಗೆ ಗೊತ್ತಿರಬೇಕು.

ಬರುವಾಗ ನಾನೆಂದೆ, "ನಿಮ್ಮ ಮಗಗ ನೀವ ಹೇಳ್ರಿ ಅಕ್ಕಾರ. ಇಲ್ಲಂದ್ರ ನಾ ಹೇಳತೀನಿ."

"ಹೇಳತೀನಿ" ಎಂದರು. ಸ್ವಲ್ಪ ದೂರ ಹೋದ ಮೇಲೆ, "ಕುಂಡದ ಸುದ್ದಿ ನಾನ ಹೇಳಿದ್ದು, ಸಿಟ್ಟದೇನ?" ಎಂದು ಕೇಳಿದರು.

"ಸಿಟ್ಟ ಅದ ರೀ."

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ರಸ್ತೆ ನೋಡುತ್ತ ಕೂತರು.

ಪರೀಕ್ಷೆಯಲ್ಲಿ ಕ್ಯಾನ್ಸರ್ ಇಲ್ಲ ಎಂದು ಬಂತು, ಮಿಸ್ರಿ ಬಿಡದಿದ್ದರೆ ಮುಂದೆ ಆಗಬಹುದು ಎಂದೂ ಬಂತು. ಅವರು ಮಗನಿಗೆ ಹೇಳಿದರು. ಡಬ್ಬಿ ಕಸಕ್ಕೆ ಹೋಯಿತು. ಗೋಡೆಗೆ ಮುಂದಿನ ವರ್ಷ ಸುಣ್ಣ ಹೊಡೆಸಿದರು. ನಾವು ಈಗ ಮಾತಾಡುತ್ತೇವೆ, ಹಬ್ಬಕ್ಕೆ ಕರೆಯುತ್ತಾರೆ, ಹೋಗುತ್ತೇನೆ. ಅವರು ಮಾಡಿದ್ದನ್ನು ತಿನ್ನಲು ಮಾತ್ರ ನನ್ನಿಂದ ಆಗುವುದಿಲ್ಲ. ಹೊಟ್ಟೆ ಸರಿಯಿಲ್ಲ ಎನ್ನುತ್ತೇನೆ. ಅವರಿಗೂ ಗೊತ್ತು, ಒತ್ತಾಯ ಮಾಡುವುದಿಲ್ಲ.

ನನ್ನ ಸಸಿಗಳು ಸಾಸವಡದ ಹೊಂಡದ ಅಂಚಿನಲ್ಲಿ ಇನ್ನೊಂದು ಚಳಿಗಾಲ ಕಳೆದು, ಅದರ ಮರುವರ್ಷ ಹೂ ಬಿಟ್ಟವು. ಕಾಕಾ ಫೋನು ಮಾಡಿದ ಭಾನುವಾರ ನಾನೂ ನನ್ನ ಗಂಡನೂ ಹೋದೆವು. ಇಟ್ಟಿಗೆ ಕೆಂಪು ಒಂದು ಕಡೆ, ಶುದ್ಧ ಬಿಳಿ ಇನ್ನೊಂದು ಕಡೆ, ಮಕ್ಕಳು ಹೇಗಿರಬಹುದೆಂದು ನಾನು ಎಷ್ಟೋ ಬಣ್ಣಗಳನ್ನು ಕಲ್ಪಿಸಿಕೊಂಡಿದ್ದೆ. ಬಂದದ್ದು ಮಾಂಸ ತೊಳೆದ ನೀರಿನ ಬಣ್ಣ. ಒಂದರ ಎಸಳಿನ ಮೇಲೆ ಪೆಟ್ಟು ಬಿದ್ದು ಕಂದಿದ ಹಾಗೆ ನೇರಳೆ ಕಲೆಗಳು. ಇನ್ನೊಂದರ ಎಸಳು ಅರ್ಧ ಬಿಚ್ಚಿ ಒದ್ದೆ ಚಿಂದಿಯಂತೆ ಜೋತುಬಿದ್ದಿತ್ತು. ಎಲೆಗಳ ಬುಡದಲ್ಲಿ ಗೊಂಡೆಹುಳುಗಳು ಅಂಟಿಕೊಂಡು ತಮ್ಮ ಲೋಳೆ ಎಳೆದಿದ್ದವು.

"ಹೆಂಗಿದ್ರೂ ಹೂವ ಅಲ್ಲೇನ? ಇರ್ಲಿ ಬಿಡು" ಎಂದರು ನನ್ನ ಗಂಡ, ನನ್ನ ಮುಖ ನೋಡಿ.

"ಹೊಲಸ ಆಗ್ಯಾವ್ರಿ" ಎಂದೆ. ಗುದ್ದಲಿ ಕೇಳಿ ತಗೊಂಡು, ಒಂದೊಂದನ್ನೇ ಗೆಡ್ಡೆಸಮೇತ ಕಿತ್ತು ಗೊಬ್ಬರದ ಗುಂಡಿಗೆ ಎಸೆದೆ. ಇಷ್ಟು ವರ್ಷ ಕಾದದ್ದು, ಕೊಳಕು ಆರಿಸಿದ್ದು, ಜನರ ಕಣ್ಣಿನಲ್ಲಿ ಹೊಲಸಾದದ್ದು, ಯಾವುದೂ ನನ್ನ ಕೈಯನ್ನು ತಡೆಯಲಿಲ್ಲ. ಒಂದನ್ನು ಮಾತ್ರ ಉಳಿಸಿದೆ. ಅದು ತೆಳು ಕಿತ್ತಳೆಯದು, ನಡುವೆ ಹಳದಿ ಗೆರೆ. ಎಸಳು ಕಿರಿದು, ದಂಟು ಗಿಡ್ಡ, ಆದರೆ ಬಣ್ಣ ಸ್ವಚ್ಛವಾಗಿತ್ತು.

ಕಾಕಾ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಕೆಟ್ಟ ಹೂ ಕಂಡರೂ ನನಗೆ ಹೇಸಿಗೆಯಾಗುವುದಿಲ್ಲ, ಅದಕ್ಕೇ ನನ್ನ ಹೊಂಡದ ತುಂಬ ಯಾರಿಗೂ ಬೇಡವಾದ ಗಿಡಗಳೇ ಇವೆ, ನೀವು ಈ ಕೆಲಸಕ್ಕೆ ನನಗಿಂತ ಲಾಯಕ್ಕು ಎಂದರು. ಹೊಗಳಿದರೋ ಬೈದರೋ ತಿಳಿಯಲಿಲ್ಲ. ಆ ಕಿತ್ತಳೆ ಹೂವಿಗೆ ಅಲ್ಲಿಯೇ ಇದ್ದ ಒಂದು ದೊಡ್ಡ ಹಳದಿ ಹೂವಿನ ಪರಾಗ ಸವರಿ ದಾರ ಕಟ್ಟಿ ಬಂದೆ.

ಅದರ ಬೀಜಗಳು ಈಗ ಅವರ ಹೊಲದಲ್ಲೇ ಕುಂಡಗಳಲ್ಲಿವೆ, ತಲೆಯ ಮೇಲೆ ಆಕಾಶ ಬಿಟ್ಟರೆ ಏನೂ ಇಲ್ಲ. ಈ ಜನವರಿಯಲ್ಲಿ ಮೊಳಕೆ ನೋಡಲು ಹೋದಾಗ ಮೊದಲ ಕುಂಡದ ಮೇಲೆ ಕಾಗೆ ತಿಂದು ಬಿಟ್ಟ ಅರ್ಧ ಇಲಿ ಬಿದ್ದಿತ್ತು, ಕರುಳು ಮೊಳಕೆಗಳಿಗೆ ಸುತ್ತಿಕೊಂಡಿತ್ತು. ನಾನು ಹಿಂದೆ ಸರಿದೆ. ಕಾಕಾ ಅದನ್ನು ಬಾಲ ಹಿಡಿದು ಎತ್ತಿ ಬೇಲಿಯಾಚೆ ಎಸೆದು, ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಗಿಡದಿಂದ ಹಣ್ಣಾದ ಅಂಜೂರ ಕಿತ್ತು ಅದೇ ಕೈಯಿಂದ ನನ್ನ ಮುಂದೆ ಚಾಚಿದರು. ಅಂಜೂರ ನನಗೆ ಸೇರುವುದಿಲ್ಲ ಎಂದೆ.

ಅಂಜೂರ ನನಗೆ ಬಹಳ ಇಷ್ಟ.